ಕೃತಕ ಕೆಮ್ಮು ಮತ್ತು ಪ್ರಯೋಗಶಾಲೆಯ ಸಾಕ್ಷ್ಯ: ಒಂದು ಆಕರವಿಮರ್ಶೆ

೧

ಇತಿಹಾಸದ ಅಧ್ಯಾಪಕರು ಕೆಮ್ಮಿನ ಯಂತ್ರವೊಂದರ ವಿಷಯವಾಗಿ ಬರೆಯುವುದೇಕೆಂದು ವಾಚಕರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ನಾವು ವೈದ್ಯರಲ್ಲ, ಭೌತವಿಜ್ಞಾನಿಗಳೂ ಅಲ್ಲ. ಬರೆಹವೊಂದನ್ನು ಕೈಗೆತ್ತಿಕೊಂಡು, ಇದನ್ನು ಯಾರು ಬರೆದರು, ಯಾವ ಕಾಲದಲ್ಲಿ ಬರೆದರು, ಯಾವುದನ್ನು ಕಣ್ಣಾರೆ ಕಂಡು ಬರೆದರು, ಯಾವುದನ್ನು ಊಹಿಸಿ ಬರೆದರು ಎಂದು ವಿಚಾರಿಸುವುದಷ್ಟೇ ನಮ್ಮ ಕಸಬು. ಈ ಲೇಖನದಲ್ಲಿ ಮಾಡಿರುವುದೂ ಅಷ್ಟೆ. ಶಾಸನಕ್ಕೂ ಬಖೈರಿಗೂ ಹಾಕುವ ಪ್ರಶ್ನೆಗಳನ್ನು ಪ್ರಯೋಗಶಾಲೆಯ ವರದಿಗಳಿಗೆ ಹಾಕಿ ನೋಡಿದ್ದೇವೆ.

ಇದಕ್ಕೊಂದು ನಿಮಿತ್ತವುಂಟು. ನಮ್ಮಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ವ್ಯಾಧಿ. ಬುದ್ಧಿ ಚುರುಕಾಗಿದೆ, ಓದಿನಲ್ಲಿ ಆಸಕ್ತಿಯಿದೆ. ಆದರೆ ಕೆಮ್ಮುವ ಶಕ್ತಿ ಇಲ್ಲ. ನೆಗಡಿಯೊಂದು ಬಂದರೆ ಮನೆಯವರಿಗೆ ರಾತ್ರಿಯೆಲ್ಲ ಜಾಗರಣೆ. ವೈದ್ಯರ ಸಲಹೆಯಂತೆ ಮನೆಗೊಂದು ಕೆಮ್ಮುಯಂತ್ರ ಬಂತು. ಒಂದು ಸಂಜೆ ಆತನ ತಂದೆ ಯಂತ್ರದ ಕೈಪಿಡಿಯನ್ನೂ ನಾಲ್ಕಾರು ಸಂಶೋಧನ ಲೇಖನಗಳ ಪ್ರತಿಗಳನ್ನೂ ನಮ್ಮ ಮೇಜಿನ ಮೇಲಿಟ್ಟು, “ಒಂದರಲ್ಲಿ ನಲವತ್ತು ಎಂದಿದೆ, ಇನ್ನೊಂದರಲ್ಲಿ ಅದು ಸಾಲದು ಎಂದಿದೆ. ಎಲ್ಲವೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಹೇಳಿದ ಮಾತೇ ಅಂತೆ. ನೀವು ಹಳೆಯ ಕಾಗದಪತ್ರಗಳ ಸತ್ಯಾಸತ್ಯ ನೋಡುವವರಲ್ಲವೆ? ಇವುಗಳಲ್ಲಿ ಯಾವುದನ್ನು ನಂಬಬೇಕು?” ಎಂದು ಕೇಳಿದರು. ಎಷ್ಟು ಒತ್ತಡ ಬೇಕೆಂಬುದಕ್ಕೆ ಉತ್ತರ ಹೇಳಬೇಕಾದವರು ವೈದ್ಯರು. ಅದನ್ನು ಅಂದೇ ಹೇಳಿದೆವು. ಆದರೆ ‘ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ್ದು’ ಎಂಬ ಮಾತಿಗೆ ಪ್ರಮಾಣವೆಷ್ಟು ಎಂಬ ಪ್ರಶ್ನೆ ನಮ್ಮ ಶಾಸ್ತ್ರದ ಎಲ್ಲೆಯೊಳಗೆ ಬರುತ್ತದೆ. ಅಂದು ಉಳಿದ ಆ ಪ್ರಶ್ನೆಯೇ ಈ ಬರೆಹದ ಮೂಲ.

೨

ಕೆಮ್ಮೆಂದರೆ ರೋಗವೆಂಬುದು ಸಾಮಾನ್ಯವಾದ ಭಾವನೆ. ವಾಸ್ತವದಲ್ಲಿ ಅದು ಶರೀರದ ಕಾವಲು. ಅದರಲ್ಲಿ ಮೂರು ಹಂತಗಳಿವೆ. ಮೊದಲು ಉಸಿರನ್ನು ಆಳವಾಗಿ ಒಳಕ್ಕೆ ಎಳೆದುಕೊಳ್ಳಬೇಕು. ಎರಡನೆಯದಾಗಿ, ಗಂಟಲಿನ ಧ್ವನಿದ್ವಾರ ಒಂದು ಕ್ಷಣದ ಐದರಲ್ಲೊಂದು ಭಾಗದಷ್ಟು ಕಾಲ ಮುಚ್ಚಿಕೊಂಡು, ಎದೆ ಹೊಟ್ಟೆಗಳ ಸ್ನಾಯುಗಳು ಒಳಗಿನ ಗಾಳಿಯನ್ನು ಅದುಮಬೇಕು. ಮೂರನೆಯದಾಗಿ, ದ್ವಾರವು ಥಟ್ಟನೆ ತೆರೆದು ಗಾಳಿ ರಭಸದಿಂದ ಹೊರಚಿಮ್ಮಬೇಕು. ನಾಳದ ಗೋಡೆಗೆ ಅಂಟಿದ ಕಫ ಈ ರಭಸಕ್ಕೆ ಸಿಕ್ಕಿ ಹೊರಕ್ಕೆ ಬರುತ್ತದೆ. ಈ ರಭಸಕ್ಕೆ ‘ಕೆಮ್ಮಿನ ಗರಿಷ್ಠ ಪ್ರವಾಹ’ವೆಂದು ಹೆಸರು. ಆರೋಗ್ಯವಂತನಾದ ವಯಸ್ಕನಲ್ಲಿ ಅದು ನಿಮಿಷಕ್ಕೆ ೩೬೦ ಲೀಟರಿಗೆ ಕಡಮೆಯಿಲ್ಲದಂತೆ ಇರುತ್ತದೆ.

ಸ್ನಾಯುಗಳು ಸೋತಾಗ ಮೂರು ಹಂತಗಳೂ ಸೋಲುತ್ತವೆ. ಈ ಸೋಲನ್ನು ಅಳೆಯಲು ವೈದ್ಯರು ಎರಡು ಸಂಖ್ಯೆಗಳನ್ನು ಬಳಸುತ್ತಾರೆ. ನಿಮಿಷಕ್ಕೆ ೧೬೦ ಲೀಟರೆಂಬುದು ಒಂದು. ಉಸಿರಾಟದ ಕೊಳವೆಯನ್ನು ತೆಗೆದ ಮೇಲೆ ರೋಗಿ ತನ್ನ ಕಫವನ್ನು ತಾನೇ ನಿಭಾಯಿಸಬಲ್ಲನೇ ಎಂಬುದನ್ನು ನಿರ್ಣಯಿಸಲು ಅಮೆರಿಕದ ಜಾನ್ ಬಾಕ್ ಮತ್ತು ಸಪೊರಿಟೊ ಎಂಬವರು ೧೯೯೬ರಲ್ಲಿ ಇದನ್ನು ಮುಂದಿಟ್ಟರು. ೨೭೦ ಲೀಟರೆಂಬುದು ಇನ್ನೊಂದು. ೧೯೯೭ರಲ್ಲಿ ಡುಷೇನ್ ಸ್ನಾಯುಕ್ಷಯದ ರೋಗಿಗಳ ಅಧ್ಯಯನದಲ್ಲಿ ಬಾಕ್ ಮತ್ತು ಅವರ ಸಂಗಡಿಗರು ಇದನ್ನು ಬಳಸಿದರು. ಆರೋಗ್ಯವಾಗಿದ್ದಾಗಲೇ ಇದಕ್ಕಿಂತ ಕೆಳಗಿರುವವನು ನೆಗಡಿ ಬಂದಾಗ ೧೬೦ಕ್ಕೂ ಕೆಳಗೆ ಜಾರುವ ಸಂಭವವುಂಟೆಂಬುದು ಇದರ ಹಿಂದಿನ ವಿಚಾರ. ಈ ಎರಡು ಸಂಖ್ಯೆಗಳೂ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದವು, ಮತ್ತು ರೋಗಿಯ ಸ್ವಂತ ಅಥವಾ ಕೈಯಾಸರೆಯ ಕೆಮ್ಮಿಗೆ ಸಂಬಂಧಿಸಿದವು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವೇ ಸಂಖ್ಯೆಗಳು ಯಂತ್ರದ ಕೆಮ್ಮಿಗೂ ಅಳತೆಗೋಲಾಗಿ ಬರುವುದನ್ನು ಕಾಣುತ್ತೇವೆ.

೩

ಯಂತ್ರದಿಂದ ಕೆಮ್ಮಿಸುವ ವಿಚಾರ ಪೋಲಿಯೊ ಕಾಲದ್ದು. ಬಾಸ್ಟನ್ನಿನಲ್ಲಿ ಫಿಲಿಪ್ ಡ್ರಿಂಕರ್ ೧೯೨೮ರಲ್ಲಿ ಬಳಕೆಗೆ ತಂದ ‘ಉಕ್ಕಿನ ಶ್ವಾಸಕೋಶ’ ಅನೇಕರನ್ನು ಬದುಕಿಸಿತ್ತು. ರೋಗಿಯ ದೇಹವನ್ನು ಪೀಪಾಯಿಯಲ್ಲಿಟ್ಟು, ಸುತ್ತಣ ಗಾಳಿಯ ಒತ್ತಡವನ್ನು ಏರಿಸಿ ಇಳಿಸಿ, ಅದು ಉಸಿರಾಡಿಸುತ್ತಿತ್ತು. ಆದರೆ ಉಸಿರಾಡಿಸುವ ಯಂತ್ರ ಕೆಮ್ಮಿಸಲಾರದು. ಪೀಪಾಯಿಯೊಳಗೆ ಉಸಿರಾಡುತ್ತಿದ್ದ ರೋಗಿ ತನ್ನ ಕಫದಲ್ಲಿಯೇ ಮುಳುಗುವ ಅಪಾಯ ಉಳಿದೇ ಇತ್ತು. ೧೯೫೨ರಲ್ಲಿ ಅಮೆರಿಕದಲ್ಲಿ ಸುಮಾರು ೫೮,೦೦೦ ಮಂದಿಗೆ ಪೋಲಿಯೊ ತಗಲಿತು. ಅದೇ ವರ್ಷ ನ್ಯೂಯಾರ್ಕಿನ ಆಲ್ವನ್ ಬ್ಯಾರಕ್ ಮತ್ತು ಅವರ ಸಂಗಡಿಗರು ಕೆಮ್ಮಿನ ಕ್ರಿಯೆಯನ್ನು ಭೌತಿಕ ಸಾಧನಗಳಿಂದ ಅನುಕರಿಸುವ ವಿಧಾನಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದರು.

ಬ್ಯಾರಕರ ಉಪಾಯ ಸರಳವಾದದ್ದು. ಮುಖಕ್ಕೆ ಹಿಡಿದ ಮುಸುಕಿನ ಮೂಲಕ ಪಾದರಸದ ೪೦ ಮಿಲಿಮೀಟರ್ ಒತ್ತಡದಲ್ಲಿ ಗಾಳಿಯನ್ನು ಒಳತುಂಬುವುದು. ಅನಂತರ ಕ್ಷಣದ ಐವತ್ತರಲ್ಲೊಂದು ಭಾಗದಲ್ಲಿ ಆ ಒತ್ತಡವನ್ನು ಸೊನ್ನೆಗಿಂತ ೪೦ ಮಿಲಿಮೀಟರ್ ಕೆಳಕ್ಕೆ ತಿರುಗಿಸಿ ಹೊರಸೆಳೆಯುವುದು. ಸ್ನಾಯುಗಳು ಮಾಡಲಾರದ ಮೊದಲನೆಯ ಮತ್ತು ಮೂರನೆಯ ಹಂತಗಳನ್ನು ಯಂತ್ರ ಮಾಡುತ್ತದೆ. ಎರಡನೆಯದಾದ ಗಂಟಲಿನ ಹಂತಕ್ಕೆ ಮಾತ್ರ ಅದರಲ್ಲಿ ಸ್ಥಾನವಿಲ್ಲ. ಈ ತತ್ತ್ವದ ಮೇಲೆ ಆ ದಶಕದಲ್ಲಿ ‘ಕಾಫ್‌ಫ್ಲೇಟರ್’ ಎಂಬ ಯಂತ್ರ ಮಾರುಕಟ್ಟೆಗೂ ಬಂತು.

ಆ ಕಾಲದ ಪರೀಕ್ಷೆಗಳಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆದದ್ದು ಬ್ಯಾರಕರ ಸಹೋದ್ಯೋಗಿ ಬಿಕರ್‌ಮನ್ ೧೯೫೪ರಲ್ಲಿ ಪ್ರಕಟಿಸಿದ ಪ್ರಯೋಗ. ಅರಿವಳಿಕೆ ಕೊಟ್ಟ ನಾಯಿಗಳ ಶ್ವಾಸನಾಳಗಳಲ್ಲಿ ಕ್ಷಕಿರಣಕ್ಕೆ ಕಾಣಿಸುವ ದ್ರವ್ಯವನ್ನೂ ಹೊರವಸ್ತುಗಳನ್ನೂ ಇರಿಸಿ, ಯಂತ್ರದಿಂದ ಅವು ಹೊರಬರುವುದನ್ನು ಅವರು ಪರಿಶೀಲಿಸಿದರು. ಪ್ರಾಣಿಗಳ ಮೇಲಣ ಇಂತಹ ಪ್ರಯೋಗವನ್ನು ಇಂದು ಬೇರೆ ಕಣ್ಣಿನಿಂದ ನೋಡುತ್ತೇವೆ. ಆ ಮಾತು ಹಾಗಿರಲಿ. ಸಾಕ್ಷ್ಯವೆಂಬ ದೃಷ್ಟಿಯಿಂದ ಇದರಲ್ಲಿ ಒಂದು ಗುಣವೂ ಒಂದು ದೋಷವೂ ಉಂಟು. ಪ್ರಶ್ನೆ ಇದ್ದದ್ದು ಒಳಗಿನ ವಸ್ತು ಹೊರಬಂದಿತೆ ಎಂಬುದು. ಪರೀಕ್ಷೆ ನೋಡಿದ್ದೂ ಅದನ್ನೇ. ಇದು ಗುಣ. ಅರಿವಳಿಕೆಯಲ್ಲಿರುವ ನಾಯಿ ತಾನಾಗಿ ಕೆಮ್ಮದಾದ್ದರಿಂದ ಹೊರಬಂದದ್ದು ಯಂತ್ರದ ಬಲದಿಂದಲೇ ಎಂದು ಹೇಳುವುದಕ್ಕೂ ಅವಕಾಶವಾಯಿತು. ಆದರೆ ಅರಿವಳಿಕೆಯಲ್ಲಿರುವ ನಾಯಿ ಯಂತ್ರಕ್ಕೆ ಎದುರಾಡುವುದೂ ಇಲ್ಲ. ಎಚ್ಚರವಿರುವ ಮನುಷ್ಯನ ಗಂಟಲು ರಭಸದ ಗಾಳಿಗೆ ಏನು ಮಾಡೀತೆಂಬ ಪ್ರಶ್ನೆಗೆ ಈ ಪ್ರಯೋಗದಲ್ಲಿ ಎಡೆಯೇ ಇಲ್ಲ. ಇದು ದೋಷ. ಬ್ಯಾರಕರ ಗುಂಪು ಎಚ್ಚರವಿದ್ದ ರೋಗಿಗಳನ್ನೂ ಪರೀಕ್ಷಿಸಿತು. ಬೆಕ್ ಮತ್ತು ಸ್ಕರೋನ್ ೧೯೫೬ರಲ್ಲಿ ಈ ಕೃತಕ ಕೆಮ್ಮಿನಿಂದಾಗುವ ಶಾರೀರಿಕ ಪರಿಣಾಮಗಳನ್ನು ಕುರಿತು ಬರೆದರು. ಆದರೂ ಗಂಟಲಿನ ಪ್ರಶ್ನೆಯನ್ನು ಮುಖ್ಯವಾಗಿ ಎತ್ತಿಕೊಂಡದ್ದು ಬಹಳ ಕಾಲದ ಮೇಲೆ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. ಬ್ಯಾರಕರ ೪೦ ಪಾದರಸದ ಮಿಲಿಮೀಟರಿನಲ್ಲಿ ಅಳೆದದ್ದು. ಇಂದಿನ ಯಂತ್ರಗಳ ಕೈಪಿಡಿಗಳಲ್ಲಿಯೂ ಲೇಖನಗಳಲ್ಲಿಯೂ ಮತ್ತೆ ಮತ್ತೆ ಬರುವ ೪೦ ನೀರಿನ ಸೆಂಟಿಮೀಟರಿನಲ್ಲಿ ಅಳೆದದ್ದು. ಪಾದರಸದ ೪೦ ಮಿಲಿಮೀಟರೆಂದರೆ ನೀರಿನ ಸುಮಾರು ೫೪ ಸೆಂಟಿಮೀಟರ್. ನೀರಿನ ೪೦ ಸೆಂಟಿಮೀಟರೆಂದರೆ ಪಾದರಸದ ೩೦ ಮಿಲಿಮೀಟರಿಗೂ ತುಸು ಕಡಮೆ. ಅಂಕಿ ಒಂದೇ ಆದರೂ ಒತ್ತಡ ಒಂದಲ್ಲ. ಇಂದಿನ ನಲವತ್ತು ಅಂದಿನ ನಲವತ್ತರ ಮುಕ್ಕಾಲು ಭಾಗಕ್ಕೂ ಕೊಂಚ ಕಡಮೆ. ಶಾಸನಗಳಲ್ಲಿ ‘ಮತ್ತರು’ ಎಂಬ ಭೂಮಾನವನ್ನು ಕಂಡ ಕೂಡಲೆ ಎಲ್ಲ ಕಡೆಯೂ ಒಂದೇ ವಿಸ್ತೀರ್ಣವೆಂದು ಲೆಕ್ಕ ಹಾಕಕೂಡದು, ಯಾವ ಕೋಲಿನಿಂದ ಅಳೆದದ್ದೆಂದು ನೋಡಬೇಕು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಇಲ್ಲಿಯೂ ಅದೇ ಎಚ್ಚರ ಬೇಕು. ಹಳೆಯ ಪ್ರಯೋಗಗಳ ಯಶಸ್ಸನ್ನು ಇಂದಿನ ನಲವತ್ತಕ್ಕೆ ಆಧಾರವಾಗಿ ಕೊಡುವವರು ಮಾನವನ್ನು ಬದಲಾಯಿಸಿ ಲೆಕ್ಕ ಹಾಕಿಕೊಳ್ಳದೆ ವಿಧಿಯಿಲ್ಲ.

೪

ಇಷ್ಟೆಲ್ಲ ಭರವಸೆಯಿಂದ ಹುಟ್ಟಿದ ಯಂತ್ರ ೧೯೬೦ರ ದಶಕದಲ್ಲಿ ಬಳಕೆಯಿಂದ ಮರೆಯಾಯಿತು. ಕಾರಣವೇನು? ಯಾವುದೋ ಪರೀಕ್ಷೆಯಲ್ಲಿ ಸೋತದ್ದಲ್ಲ. ೧೯೫೨ರ ಆಗಸ್ಟಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಉಲ್ಬಣಿಸಿತು. ಬ್ಲೆಗ್‌ಡಮ್ ಆಸ್ಪತ್ರೆಯಲ್ಲಿ ಯಂತ್ರಗಳು ಸಾಲದೆ ಹೋದವು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರಮಾಡಿ, ಕೊಳವೆಯಿಟ್ಟು, ಕೈಚೀಲದಿಂದ ಗಾಳಿಯೂಡುವ ಮಾರ್ಗವನ್ನು ತೋರಿಸಿದರು. ಸುಮಾರು ೧,೫೦೦ ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಹಗಲಿರುಳು ಚೀಲವನ್ನು ಒತ್ತಿ ರೋಗಿಗಳ ಪ್ರಾಣವನ್ನು ಉಳಿಸಿದರು. ಈ ಮಾರ್ಗ ಲೋಕಕ್ಕೆಲ್ಲ ಹರಡಿತು. ಕತ್ತಿನಲ್ಲಿ ಕೊಳವೆ ಇರುವಾಗ ಹೀರುನಳಿಗೆಯನ್ನು ಇಳಿಸಿ ಕಫವನ್ನು ತೆಗೆಯಬಹುದು. ಕೆಮ್ಮಿಸುವ ಯಂತ್ರ ಏಕೆ ಬೇಕು ಎಂಬ ಭಾವನೆ ಬಲಿಯಿತು. ೧೯೫೫ರಿಂದ ಸಾಲ್ಕರ ಲಸಿಕೆಯೂ ಬಂದುದರಿಂದ ಪೋಲಿಯೊ ರೋಗಿಗಳ ಸಂಖ್ಯೆಯೇ ಇಳಿಯಿತು. ಬೇಡಿಕೆಯಿಲ್ಲದ ಯಂತ್ರ ಅಂಗಡಿಯಿಂದ ಹೋಯಿತು. ಅದರೊಡನೆ ಅದನ್ನು ಕುರಿತ ಬರೆಹವೂ ಕಡಮೆಯಾಯಿತು.

ಆದರೆ ಹೀರುನಳಿಗೆ ಯಂತ್ರಕ್ಕೆ ಸರಿಸಾಟಿಯೆಂದು ತೋರಿಸಿದ ಬಳಿಕವೇ ಈ ಬದಲಾವಣೆ ಆಯಿತೆಂದು ಭಾವಿಸುವುದಕ್ಕೆ ನಮಗೆ ಆಧಾರ ಕಾಣುವುದಿಲ್ಲ. ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ನೇರವಾಗಿರುವುದರಿಂದ ನಳಿಗೆ ಸಾಮಾನ್ಯವಾಗಿ ಬಲಕ್ಕೇ ಇಳಿಯುತ್ತದೆ. ಎಡಗಡೆಯ ಕಫ ಉಳಿಯುವ ಸಂಭವ ಹೆಚ್ಚು. ನಾಳದ ಒಳಪೊರೆಗೆ ಗಾಯವೂ ಆಗಬಹುದು. ಒಂದು ವಿಧಾನ ಇನ್ನೊಂದನ್ನು ಹಿಂದೆ ಹಾಕಿದ್ದು ಪ್ರಮಾಣಬಲದಿಂದಲ್ಲ, ಪರಿಸ್ಥಿತಿಯ ಬಲದಿಂದ. ವಿಜ್ಞಾನದ ಇತಿಹಾಸದಲ್ಲಿ ಇದು ಅಪೂರ್ವವಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಅನೇಕ ವೇಳೆ ಮರೆಯುತ್ತಾರೆ.

ಯಂತ್ರ ಮರಳಿ ಬಂದದ್ದು ೧೯೯೩ರಲ್ಲಿ. ಉಕ್ಕಿನ ಶ್ವಾಸಕೋಶವನ್ನು ತಯಾರಿಸುತ್ತಿದ್ದ ಎಮರ್ಸನ್ ಸಂಸ್ಥೆ ಅದನ್ನು ಹೊಸದಾಗಿ ನಿರ್ಮಿಸಿತು. ಅದೇ ವರ್ಷ ಬಾಕ್ ತಮ್ಮ ಪ್ರಸಿದ್ಧವಾದ ಹೋಲಿಕೆಯನ್ನು ಪ್ರಕಟಿಸಿದರು. ಸ್ನಾಯುದೌರ್ಬಲ್ಯವಿದ್ದ ೨೧ ಮಂದಿಯಲ್ಲಿ ಸಹಾಯವಿಲ್ಲದ ಕೆಮ್ಮಿನ ಗರಿಷ್ಠ ಪ್ರವಾಹ ಸರಾಸರಿ ಸೆಕೆಂಡಿಗೆ ೧.೮೧ ಲೀಟರ್. ಗಾಳಿಯನ್ನು ಪೂರ್ತಿ ತುಂಬಿಸಿದ ಮೇಲೆ ೩.೩೭. ಅದರೊಡನೆ ಹೊಟ್ಟೆಯನ್ನು ಕೈಯಿಂದ ಒತ್ತಿದಾಗ ೪.೨೭. ಯಂತ್ರದಿಂದ ೭.೪೭. ನಿಮಿಷದ ಲೆಕ್ಕದಲ್ಲಿ ಹೇಳುವುದಾದರೆ ೧೦೯ ಲೀಟರಿನಿಂದ ೪೪೮ ಲೀಟರಿಗೆ ಏರಿಕೆ. ಸಂಖ್ಯೆಗಳು ಬೆರಗುಗೊಳಿಸುವಂಥವು; ಯಂತ್ರದ ಪುನರುಜ್ಜೀವನಕ್ಕೆ ಇವು ಅಡಿಪಾಯವಾದವು. ಬಾಕರ ಉಪಕಾರವನ್ನು ಕೀಳುಗಳೆಯುವ ಉದ್ದೇಶ ನಮಗಿಲ್ಲ. ಕತ್ತಿಗೆ ರಂಧ್ರವಿಲ್ಲದೆ ಬದುಕಬಹುದೆಂಬ ಆಸೆಯನ್ನು ಸಹಸ್ರಾರು ರೋಗಿಗಳಲ್ಲಿ ಹುಟ್ಟಿಸಿದವರು ಅವರು.

ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಬಿಕರ್‌ಮನ್ನರ ಪ್ರಯೋಗ ನಾಳದೊಳಗಿನ ವಸ್ತು ಚಲಿಸಿತೆ ಎಂದು ಕೇಳಿತು. ೧೯೯೩ರ ಹೋಲಿಕೆ ಗಾಳಿ ಎಷ್ಟು ರಭಸದಿಂದ ಚಲಿಸಿತೆಂದು ಕೇಳಿತು. ಮೊದಲನೆಯದು ಕಾರ್ಯವನ್ನು ನೋಡುವ ಪ್ರಶ್ನೆ, ಎರಡನೆಯದು ಕಾರಣವನ್ನು ಅಳೆಯುವ ಪ್ರಶ್ನೆ. ಕಾರಣವನ್ನು ಅಳೆಯುವುದು ಸುಲಭ, ಕಾರ್ಯವನ್ನು ಅಳೆಯುವುದು ಕಷ್ಟ. ಆದುದರಿಂದ ಮುಂದಿನ ಸಂಶೋಧನೆ ಹೆಚ್ಚಾಗಿ ಸುಲಭದ ದಾರಿಯನ್ನು ಹಿಡಿಯಿತೆಂದು ತೋರುತ್ತದೆ. ಮೇಲಾಗಿ, ಸ್ವಂತ ಕೆಮ್ಮಿನಲ್ಲಿ ಬಾಯಿಂದ ಹೊರಡುವ ಗಾಳಿಯೆಲ್ಲ ಶ್ವಾಸಕೋಶದಿಂದಲೇ ಬಂದದ್ದು. ಯಂತ್ರ ಸೆಳೆಯುವಾಗ ಮುಸುಕಿನಲ್ಲಿಯೂ ಕೊಳವೆಯಲ್ಲಿಯೂ ಕೆನ್ನೆಗಳ ಒಳಗೂ ಇದ್ದ ಗಾಳಿ ಮೊದಲು ನುಗ್ಗಿಬರುತ್ತದೆ. ಎರಡೂ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆದಾಗ ಅವು ಒಂದೇ ಜಾತಿಯವೆಂಬ ಭ್ರಮೆ ಉಂಟಾಗುತ್ತದೆ. ೧೬೦, ೨೭೦ ಎಂಬ ಹಾಸಿಗೆಯ ಪಕ್ಕದ ಸಂಖ್ಯೆಗಳನ್ನು ಯಂತ್ರದ ಪ್ರವಾಹದೊಡನೆ ಹೋಲಿಸುವಾಗ ಈ ಎಚ್ಚರಿಕೆ ಅಗತ್ಯ.

೫

ಈಗ ಮುಖ್ಯ ವಿಷಯಕ್ಕೆ ಬರೋಣ. ೨೦೦೦ದಿಂದ ಈಚೆಗೆ ಕೆಮ್ಮುಯಂತ್ರದ ಪರೀಕ್ಷೆಗೆ ಪ್ರಯೋಗಶಾಲೆಯ ‘ಮಾದರಿ ಶ್ವಾಸಕೋಶ’ ಬಹಳವಾಗಿ ಬಳಕೆಗೆ ಬಂದಿದೆ. ಅದು ತಿದಿಯಂತಹ ಒಂದು ಉಪಕರಣ. ತಿದಿಯ ಬಿಗುವನ್ನು ಹೆಚ್ಚು ಕಡಮೆ ಮಾಡಿ ಶ್ವಾಸಕೋಶದ ಹಿಗ್ಗುವ ಗುಣವನ್ನು ಅನುಕರಿಸುತ್ತಾರೆ. ಕಿರಿದಾದ ದ್ವಾರಗಳನ್ನಿಟ್ಟು ನಾಳಗಳ ಅಡ್ಡಿಯನ್ನು ಅನುಕರಿಸುತ್ತಾರೆ. ಒಂದು ಕಡೆ ಯಂತ್ರ, ಇನ್ನೊಂದು ಕಡೆ ತಿದಿ, ನಡುವೆ ಪ್ರವಾಹಮಾಪಕ. ಇದರ ಹಿರಿಮೆಯೇನೆಂದರೆ ಇದು ಆಯಾಸಗೊಳ್ಳುವುದಿಲ್ಲ, ಹೆದರುವುದಿಲ್ಲ, ನೂರು ಸಲ ಕೇಳಿದರೆ ನೂರು ಸಲವೂ ಒಂದೇ ಉತ್ತರ ಕೊಡುತ್ತದೆ. ಸಾಕ್ಷಿಯಲ್ಲಿ ನ್ಯಾಯಾಧೀಶ ಬಯಸುವ ಗುಣ ಇದೇ. ರೋಗಿಯ ಮೇಲೆ ಮಾಡಲಾಗದ ಪ್ರಯೋಗವನ್ನು ಇದರ ಮೇಲೆ ನಿರಾಳವಾಗಿ ಮಾಡಬಹುದು.

ಇಂತಹ ವರದಿಗಳಲ್ಲಿ ಕೆಲವು ನಿಜವಾಗಿ ಉಪಯುಕ್ತವಾದವು. ೨೦೦೨ರಲ್ಲಿ ಗೊಮೆಸ್-ಮೆರಿನೊ ಮತ್ತು ಸಂಗಡಿಗರು ಒತ್ತಡ, ಗಾತ್ರ, ಪ್ರವಾಹಗಳ ಪರಸ್ಪರ ಸಂಬಂಧವನ್ನು ಶೋಧಿಸಿ, ತಯಾರಕರು ಕೊಟ್ಟ ಸೂಚನೆಗಳು ಸಾಕಷ್ಟೆ ಎಂಬ ಪ್ರಶ್ನೆಯನ್ನೇ ಮುಂದಿಟ್ಟರು. ಕೈಪಿಡಿಯ ಮಾತನ್ನು ಪ್ರಮಾಣವೆಂದು ಒಪ್ಪದೆ ಪರೀಕ್ಷೆಗೆ ಒಡ್ಡಿದ್ದು ಮೆಚ್ಚತಕ್ಕ ಕೆಲಸ. ೨೦೦೪ರಲ್ಲಿ ಸ್ಪೇನಿನ ಸಾಂಚೊ ಮತ್ತು ಸಂಗಡಿಗರು ಶ್ವಾಸಕೋಶದ ಹಿಗ್ಗುವ ಗುಣವೂ ನಾಳದ ಅಡ್ಡಿಯೂ ಬದಲಾದಂತೆ ಅದೇ ಯಂತ್ರ ಬೇರೆ ಬೇರೆ ಪ್ರವಾಹವನ್ನು ಕೊಡುವುದೆಂದು ತೋರಿಸಿದರು. ೨೦೧೧ರಲ್ಲಿ ಫ್ರಾನ್ಸಿನ ಗೆರಾನ್ ಮತ್ತು ಸಂಗಡಿಗರು ಶ್ವಾಸನಾಳದ ಕೊಳವೆಯ ಮೂಲಕ ಯಂತ್ರವನ್ನು ನಡೆಸಿದರೆ ಪ್ರವಾಹ ಇಳಿಯುವುದೆಂದೂ, ಕೊಳವೆ ಕಿರಿದಾದಷ್ಟೂ ಇಳಿತ ಹೆಚ್ಚೆಂದೂ ತೋರಿಸಿದರು.

ಈ ಮೂರರಿಂದಲೂ ಹೊರಡುವ ತೀರ್ಮಾನ ಒಂದೇ. ಯಂತ್ರದ ಮೇಲಣ ಅಂಕಿ ರೋಗಿಗೆ ಸಿಗುವ ಫಲವಲ್ಲ. ಎದೆಗೂಡು ಬಿಗಿದವನಿಗೆ, ಕಿರಿದಾದ ಕೊಳವೆ ಇರುವವನಿಗೆ, ಮಗುವಿಗೆ, ಅದೇ ಅಂಕಿ ಬೇರೆ ಬೇರೆ ಅರ್ಥವನ್ನು ಕೊಡುತ್ತದೆ. ‘ಇಷ್ಟು ಒತ್ತಡ ಎಲ್ಲರಿಗೂ ಸಾಕು’ ಎಂಬ ಸಾಮಾನ್ಯವಾದ ವಿಧಿಯನ್ನು ಅಲ್ಲಗಳೆಯಲು ಪ್ರಯೋಗಶಾಲೆಯ ಸಾಕ್ಷ್ಯ ಸಂಪೂರ್ಣವಾಗಿ ಸಮರ್ಥವಾದದ್ದು. ಆದರೆ ಅದರ ಸ್ಥಾನದಲ್ಲಿ ‘ಇಷ್ಟಿದ್ದರೆ ನಿನಗೆ ಸಾಕು’ ಎಂಬ ಹೊಸ ವಿಧಿಯನ್ನು ನಿಲ್ಲಿಸಲು ಅದೇ ಸಾಕ್ಷ್ಯ ಸಮರ್ಥವಲ್ಲ. ಖಂಡನೆಗೆ ಸಾಕಾದ ಪ್ರಮಾಣ ಮಂಡನೆಗೆ ಸಾಕಾಗಬೇಕೆಂಬ ನಿಯಮವಿಲ್ಲ. ಈ ವರದಿಗಳನ್ನು ಉದ್ಧರಿಸುವವರು ಬಹಳ ಮಟ್ಟಿಗೆ ಎಡವುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

೬

ಮಾದರಿ ಶ್ವಾಸಕೋಶದಲ್ಲಿ ಇಲ್ಲದಿರುವುದೇನು? ಮುಖ್ಯವಾಗಿ ಎರಡು: ಕಫ ಮತ್ತು ಗಂಟಲು.

ಕಫದ ಕೊರತೆಯನ್ನು ತುಂಬುವ ಪ್ರಯತ್ನ ನಡೆದಿದೆ. ೧೯೮೫ರಲ್ಲಿ ಮಾಲ್ಕಮ್ ಕಿಂಗ್ ಮತ್ತು ಸಂಗಡಿಗರು ಕೃತಕ ಕೆಮ್ಮಿನಿಂದ ಲೋಳೆ ಸರಿಯುವ ಬಗೆಯನ್ನು ಮಾದರಿ ನಾಳದಲ್ಲಿ ಪರಿಶೀಲಿಸಿದರು. ೧೯೮೭ರಲ್ಲಿ ಕಿಮ್, ಇಗ್ಲೇಷಿಯಸ್ ಮತ್ತು ಸ್ಯಾಕ್ನರ್ ಒಂದು ಮಹತ್ತ್ವದ ವಿಷಯವನ್ನು ತಿಳಿಸಿದರು. ನಾಳದಲ್ಲಿ ಗಾಳಿ ಎರಡು ದಿಕ್ಕಿಗೂ ಓಡಾಡುವಾಗ ಲೋಳೆ ಯಾವ ಕಡೆ ಸರಿಯುತ್ತದೆಂಬುದು ಹೊರಹರಿವಿನ ರಭಸವೊಂದರಿಂದಲೇ ನಿರ್ಣಯವಾಗುವುದಿಲ್ಲ. ಒಳಹರಿವಿಗೂ ಹೊರಹರಿವಿಗೂ ಇರುವ ಅಂತರ ಮುಖ್ಯ. ಹೊರಹರಿವು ಒಳಹರಿವಿಗಿಂತ ನೂರಕ್ಕೆ ಸುಮಾರು ಹತ್ತರಷ್ಟಾದರೂ ಹೆಚ್ಚಿರಬೇಕು. ಇದರ ಅರ್ಥ ಸ್ಪಷ್ಟ. ಯಂತ್ರವು ಹೊರಸೆಳೆಯುವಷ್ಟೇ ರಭಸದಿಂದ ಒಳತಳ್ಳಿದರೆ ಕಫ ಬಾಯಿಯ ಕಡೆಗೆ ಬರುವುದಕ್ಕೆ ಬದಲು ಒಳಕ್ಕೇ ಸರಿದೀತು.

ಸಾಂಕೇತಿಕವಾಗಿ ಹೇಳುವುದಾದರೆ, ಗರಿಷ್ಠ ಪ್ರವಾಹವನ್ನು ಮಾತ್ರ ಅಳೆದ ವರದಿ ಖಜಾನೆಗೆ ಬಂದ ಹಣವನ್ನು ಬರೆದು ಹೋದ ಹಣವನ್ನು ಬಿಟ್ಟ ಲೆಕ್ಕಪತ್ರದಂತೆ. ಬ್ರೆಜಿಲಿನ ವೋಲ್ಪೆ ಮತ್ತು ಸಂಗಡಿಗರು ೨೦೧೮ರಲ್ಲಿ ಪ್ರಕಟಿಸಿದ ಪ್ರಯೋಗ ಈ ಲೋಪವನ್ನು ತಿದ್ದಿತು. ಅವರು ಮಾದರಿ ನಾಳದಲ್ಲಿ ಕೃತಕ ಕಫವನ್ನಿಟ್ಟು, ಗಾಳಿಯನ್ನು ನಿಧಾನವಾಗಿ ತುಂಬಿ ರಭಸದಿಂದ ಸೆಳೆದಾಗ ಕಫ ಹೊರಮುಖವಾಗಿ ಹೆಚ್ಚು ಸರಿಯುವುದನ್ನು ಕಂಡರು. ಸುಮಾರು ಅರವತ್ತು ವರ್ಷಗಳ ಮೇಲೆ ಪ್ರಯೋಗಶಾಲೆ ಬಿಕರ್‌ಮನ್ನರ ಮೂಲಪ್ರಶ್ನೆಗೆ ಹಿಂದಿರುಗಿತೆಂದು ಹೇಳಬಹುದು. ನಾವು ನೋಡಿದ ವರದಿಗಳಲ್ಲಿ ಇದನ್ನು ಮೇಲಿನ ಪಂಕ್ತಿಯಲ್ಲಿ ಇಡುತ್ತೇವೆ. ಆದರೆ ಕೃತಕ ಕಫಕ್ಕೆ ಪಾಕ ನಿಶ್ಚಿತ. ನಿಜವಾದ ಕಫ ರೋಗಿಯಿಂದ ರೋಗಿಗೆ, ಬೆಳಗಿನಿಂದ ಸಂಜೆಗೆ, ನೀರು ಕುಡಿದ ದಿನದಿಂದ ಕುಡಿಯದ ದಿನಕ್ಕೆ ಬದಲಾಗುತ್ತದೆ.

ಗಂಟಲಿನ ಕೊರತೆ ಇನ್ನೂ ಗಂಭೀರವಾದದ್ದು. ಮಾದರಿಯಲ್ಲಿ ಗಂಟಲಿನ ಸ್ಥಾನದಲ್ಲಿರುವುದು ಗಡುಸಾದ ಕೊಳವೆ. ಅದು ಮುಚ್ಚುವುದಿಲ್ಲ, ಕುಸಿಯುವುದಿಲ್ಲ. ಮನುಷ್ಯನ ಗಂಟಲು ಹಾಗಲ್ಲ. ಸಾಂಚೊ ಮತ್ತು ಸಂಗಡಿಗರೇ ೨೦೦೪ರ ಮತ್ತೊಂದು ಲೇಖನದಲ್ಲಿ, ಚಾಲಕ ನರಗಳು ಸಾಯುವ ಏ.ಎಲ್.ಎಸ್. ಎಂಬ ವ್ಯಾಧಿಯುಳ್ಳ ಕೆಲವರಲ್ಲಿ ಯಂತ್ರ ಹೊರಸೆಳೆಯುವಾಗ ಗಂಟಲಿನ ಭಾಗ ಕುಸಿದು ಕಿರಿದಾಗುವುದನ್ನು ತೋರಿಸಿದರು. ೨೦೧೭ರಲ್ಲಿ ನಾರ್ವೆಯ ಬೆರ್ಗೆನ್ನಿನ ಆಂಡರ್ಸನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸಣ್ಣ ದರ್ಶಕವನ್ನಿಳಿಸಿ, ಯಂತ್ರ ನಡೆಯುತ್ತಿರುವಾಗಲೇ ಅದೇ ವ್ಯಾಧಿಯ ರೋಗಿಗಳ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಿದರು. ನುಂಗುವ ಮಾತನಾಡುವ ಸ್ನಾಯುಗಳೂ ದುರ್ಬಲವಾದವರಲ್ಲಿ, ಒಳತಳ್ಳಿದ ಗಾಳಿಗೆ ಪ್ರತಿಯಾಗಿ ಧ್ವನಿಪೆಟ್ಟಿಗೆಯ ಭಾಗಗಳು ಒಂದಕ್ಕೊಂದು ಸಮೀಪಿಸಿ ದಾರಿಯನ್ನು ಕಿರಿದುಗೊಳಿಸುವುದು ಅವರಿಗೆ ಕಂಡುಬಂತು.

ಇದರ ಪರಿಣಾಮವನ್ನು ವಾಚಕರು ಯೋಚಿಸಬೇಕು. ಯಂತ್ರದ ಮೇಲಣ ಮಾಪಕ ೪೦ ಎಂದು ತೋರಿಸುತ್ತಿದೆ. ಮುಸುಕಿನಲ್ಲಿ ಒತ್ತಡವೂ ಅಷ್ಟಿದೆ. ಆದರೆ ಬಾಗಿಲು ಮುಚ್ಚಿರುವುದರಿಂದ ಶ್ವಾಸಕೋಶಕ್ಕೆ ಸಾಕಷ್ಟು ಗಾಳಿ ಹೋಗಿಯೇ ಇಲ್ಲ. ಒತ್ತಡವನ್ನು ಹೆಚ್ಚಿಸಿದರೆ ತಿದಿಯಲ್ಲಿ ಪ್ರವಾಹ ಹೆಚ್ಚುತ್ತದೆ. ಇಂತಹ ರೋಗಿಯಲ್ಲಿ ಬಾಗಿಲು ಇನ್ನೂ ಬಿಗಿಯಾಗಬಹುದು. ತಿದಿಯ ಮೇಲೆ ಸತ್ಯವಾದ ನಿಯಮ ಇಲ್ಲಿ ತಿರುಗುಮುರುಗಾಗುತ್ತದೆ. ತಿದಿ ಸುಳ್ಳು ಹೇಳಿತೆಂದಲ್ಲ. ಅದನ್ನು ಗಂಟಲಿನ ವಿಷಯವಾಗಿ ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಹೇಳುವ ಶಕ್ತಿ ಅದಕ್ಕಿರಲಿಲ್ಲ. ದಾನಶಾಸನ ಎಷ್ಟು ಭೂಮಿ ಕೊಟ್ಟರೆಂದು ಹೇಳುತ್ತದೆ. ಆ ಭೂಮಿಯ ಬೆಳೆ ಯಾರ ಮನೆಗೆ ಹೋಯಿತೆಂದು ಹೇಳುವುದಿಲ್ಲ. ಶಾಸನದ ಮೌನವನ್ನು ಒಪ್ಪಿಗೆಯೆಂದು ಓದುವ ಚರಿತ್ರಕಾರನನ್ನು ನಾವು ಒಪ್ಪುವುದಿಲ್ಲವಷ್ಟೆ.

ರೋಗಿಗಳ ಮೇಲೆ ನಡೆದ ಪರೀಕ್ಷೆಗಳಾದರೂ ಈ ಮೌನವನ್ನು ತುಂಬಿವೆಯೇ? ಕಾಕ್ರೇನ್ ಸಂಸ್ಥೆಗಾಗಿ ಮಾರೊ ಮತ್ತು ಸಂಗಡಿಗರು ೨೦೧೩ರಲ್ಲಿ ಮಾಡಿದ ಸಮೀಕ್ಷೆಗೆ ಯೋಗ್ಯವೆಂದು ಸಿಕ್ಕಿದ್ದು ೧೦೫ ಮಂದಿಯನ್ನೊಳಗೊಂಡ ೫ ಅಧ್ಯಯನಗಳು ಮಾತ್ರ. ಕೆಮ್ಮಿಗೆ ನೆರವಾಗುವ ಎಲ್ಲ ವಿಧಾನಗಳನ್ನೂ ಕುರಿತ ೨೦೨೧ರ ಸಮೀಕ್ಷೆಯಲ್ಲಿ ೧೧ ಅಧ್ಯಯನಗಳು, ೨೮೭ ಮಂದಿ. ಎರಡರಲ್ಲಿಯೂ ಖಚಿತವಾದ ತೀರ್ಮಾನಕ್ಕೆ ಸಾಕಾದ ಆಧಾರ ದೊರೆಯಲಿಲ್ಲ. ಪ್ರಮಾಣ ಸಾಲದೆಂದರೆ ಪ್ರಯೋಜನವಿಲ್ಲವೆಂದು ಅರ್ಥವಲ್ಲ. ಯಂತ್ರದಿಂದ ಉಸಿರು ಉಳಿಸಿಕೊಂಡವರ ಅನುಭವವನ್ನು ಸುಳ್ಳೆನ್ನುವ ಧೈರ್ಯ ನಮಗಿಲ್ಲ. ಉಸಿರುಗಟ್ಟುತ್ತಿರುವವನಿಗೆ ಪರೀಕ್ಷೆಯ ಸಲುವಾಗಿ ಯಂತ್ರವನ್ನು ನಿರಾಕರಿಸುವುದು ಯಾವ ವೈದ್ಯನಿಗೂ ಸಾಧ್ಯವಿಲ್ಲದ ಮಾತು. ಪರೀಕ್ಷೆಗಳು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಹಾಸಿಗೆಯ ಪಕ್ಕದ ಪ್ರಮಾಣ ಹೀಗೆ ತೆಳುವಾಗಿರುವುದರಿಂದಲೇ ತಿದಿಯ ಪ್ರಮಾಣದ ಮೇಲೆ ಅದು ಹೊರಲಾರದ ಭಾರ ಬೀಳುತ್ತಿದೆ.

೭

ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇವೆ. ಪ್ರಯೋಗಶಾಲ���ಯ ಪರೀಕ್ಷೆ ಯಂತ್ರವನ್ನು ಕುರಿತ ಉತ್ತಮವಾದ ಸಾಕ್ಷಿ. ರೋಗಿಯನ್ನು ಕುರಿತ ದುರ್ಬಲವಾದ ಸಾಕ್ಷಿ. ಎರಡು ಯಂತ್ರಗಳಲ್ಲಿ ಯಾವುದು ಹೇಳಿದ ಒತ್ತಡವನ್ನು ನಿಜವಾಗಿ ಕೊಡುತ್ತದೆ, ಕೊಳವೆ ಕಿರಿದಾದರೆ ಎಷ್ಟು ನಷ್ಟ, ಗಾಳಿ ತುಂಬುವ ವೇಗ ಎಷ್ಟಿರಬೇಕು ಎಂಬ ಪ್ರಶ್ನೆಗಳಿಗೆ ಅದು ಸಮರ್ಪಕವಾದ ಉತ್ತರ ಕೊಡಬಲ್ಲದು. ಈ ಮನುಷ್ಯನಿಗೆ ಇಂದು ಎಷ್ಟು ಬೇಕೆಂಬ ಪ್ರಶ್ನೆ ಅದರ ಅಧಿಕಾರವ್ಯಾಪ್ತಿಯಲ್ಲಿಲ್ಲ.

ಆದುದರಿಂದ ಇಂತಹ ವರದಿಗಳಿಂದ ಮೂರು ವಿಷಯಗಳನ್ನು ಅಪೇಕ್ಷಿಸುವುದು ಅತಿಯಾಗದು. ಮೊದಲನೆಯದು, ತಮ್ಮ ಮಾದರಿಯಲ್ಲಿ ಏನೇನು ಇಲ್ಲವೆಂಬುದನ್ನು ಲೇಖಕರು ಕೊನೆಯ ಪುಟದ ಮೂಲೆಯಲ್ಲಿ ಅಲ್ಲ, ಮೊದಲಲ್ಲಿಯೇ ಹೇಳಬೇಕು. ಎರಡನೆಯದು, ಗರಿಷ್ಠ ಪ್ರವಾಹವೊಂದನ್ನೇ ಅಲ್ಲದೆ ಒಳಹರಿವನ್ನೂ, ಸಾಧ್ಯವಾದೆಡೆ ಕಫದ ಚಲನೆಯನ್ನೂ ಅಳೆದು ತೋರಿಸಬೇಕು. ಮೂರನೆಯದು, ಒತ್ತಡವನ್ನು ಯಾವ ಮಾನದಲ್ಲಿ, ಯಾವ ಸ್ಥಳದಲ್ಲಿ ಅಳೆದರೆಂಬುದನ್ನು ಪ್ರತಿಯೊಂದು ಅಂಕಿಯೊಡನೆಯೂ ಬರೆಯಬೇಕು. ಹಿಂದಿನವರ ಅಂಕಿಯನ್ನು ಉದ್ಧರಿಸುವಾಗ ಅದನ್ನು ತಮ್ಮ ಮಾನಕ್ಕೆ ಪರಿವರ್ತಿಸಬೇಕು. ಓದುವವರಿಂದ ಅಪೇಕ್ಷಿಸುವುದು ಒಂದೇ: ಯಾವ ಪ್ರಶ್ನೆಗೆ ದೊರೆತ ಉತ್ತರವೋ ಆ ಪ್ರಶ್ನೆಗೇ ಅದನ್ನು ಕಟ್ಟಿಡಬೇಕು.

ವಿದ್ಯಾರ್ಥಿಯ ತಂದೆಯವರಿಗೆ ನಾವು ಯಾವ ಅಂಕಿಯನ್ನೂ ಹೇಳಲಿಲ್ಲ. ಅವರು ತಂದ ಲೇಖನಗಳಲ್ಲಿ ಯಾವುದೂ ಸುಳ್ಳಲ್ಲವೆಂದೂ, ಆದರೆ ಯಾವುದೂ ಅವರ ಮಗನನ್ನು ಕುರಿತದ್ದಲ್ಲವೆಂದೂ ತಿಳಿಸಿದೆವು. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಟ್ಟೆವು: ಯಂತ್ರ ಗಾಳಿ ತುಂಬುವಾಗ ಹುಡುಗನ ಎದೆ ನಿಜವಾಗಿ ಏಳುತ್ತಿದೆಯೇ? ಗಂಟಲು ತೆರೆದಿರುತ್ತದೆಯೇ? ತುಂಬುವ ವೇಗವನ್ನು ತಗ್ಗಿಸಿ ನೋಡಬಹುದೇ? ಕೆಮ್ಮಿಸಿದ ಮೇಲೆ ಕಫ ಬಂದಿತೇ, ಅವನಿಗೆ ಹಗುರವಾಯಿತೇ? ಹಿರಿಯರು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಒಂದು ತಿಂಗಳ ಮೇಲೆ ಬಂದು, ವೈದ್ಯರು ಹುಡುಗನನ್ನು ಮುಂದೆ ಕೂರಿಸಿಕೊಂಡು ಯಂತ್ರವನ್ನು ಮತ್ತೆ ಹೊಂದಿಸಿದರೆಂದೂ, ಗಾಳಿ ತುಂಬುವ ವೇಗವನ್ನು ತಗ್ಗಿಸಿದರೆಂದೂ, ಮಗ ಈಗ ಮುಸುಕಿಗೆ ಮೊದಲಿನಷ್ಟು ಹೆದರುವುದಿಲ್ಲವೆಂದೂ ಹೇಳಿದರು. ಇದೊಂದು ನಿದರ್ಶನವೇ ಹೊರತು ಪ್ರಮಾಣವಲ್ಲವೆಂಬುದನ್ನು ನಾವು ಬಲ್ಲೆವು. ಇಷ್ಟು ಹೊತ್ತು ಇತರರಿಗೆ ಹೇಳಿದ ಎಚ್ಚರಿಕೆಯನ್ನು ನಾವೇ ಮೀರತಕ್ಕದ್ದಲ್ಲ.